ಬಾಣಂತನಕ್ಕ ಬರಬ್ಯಾಡ್ರಿ

ಮುಲುಂಡ್ ಪೂರ್ವ, ಮುಂಬೈ
ರವಿವಾರ, 9 ನವೆಂಬರ್ 2025

ನನ್ನ ಬೀಗತಿ ಬೀಣಾಪಾಣಿ ಅಕ್ಕಾರಿಗೆ,

ಮುಲುಂಡದಿಂದ ಗಂಗುಬಾಯಿ ಕೈಮುಗಿದು ಹೇಳುವ ಶರಣು. ಇತ್ತ ಎಲ್ಲಾರೂ ಕ್ಷೇಮ ಅಂತ ಮೊದಲ ಬರಿಯೂದು ರೂಢಿ, ಹಂಗಾಗಿ ಬರದೀನಿ. ನಿಮ್ಮ ಮಗಳು ಪ್ರಣೀತಾ ಆರಾಮ ಅದಾಳ, ಹೊಟ್ಟ್ಯಾಗಿನ ಕೂಸೂ ಆರಾಮ ಐತಿ. ಎಂಟು ತುಂಬಿ ಒಂಬತ್ತರಾಗ ಬಿದ್ದಾವು. ಬಿಪಿ ಏರಿಳಿ ಆಗ್ತೈತಿ, ಗಾಡಿ ಪ್ರಯಾಣ ಬ್ಯಾಡ ಅಂತ ಡಾಕ್ಟರ್ ಬಾಯಿ ಅಂದದ್ದಕ್ಕ ಚೊಚ್ಚಿಲ ಬಾಣಂತನ ತವರಿನ್ಯಾಗ ಆಗೂದು ತಪ್ಪಿತು. ನೀವ ಇಲ್ಲಿ ಬಂದು ಮಾಡೂದು ಅಂತ ನಾವು ನೀವು ಕೂಡಿ ಠರಾಯಿಸಿದ್ವಿ. ರಾಯಚೂರಿನಿಂದ ಗಾಡಿಗೆ ಟಿಕೆಟ್ಟೂ ತಗಿಸೀರಿ ಅಂತ ನನ್ನ ಮಗ ಬಸು ಹೇಳ್ದ.

ಅಕ್ಕಾರ, ಆ ಟಿಕೆಟ್ ಕ್ಯಾನ್ಸಲ್ ಮಾಡ್ಸಿರಿ. ಬಾಣಂತನಕ್ಕ ನೀವು ಬರಬ್ಯಾಡ್ರಿ.

ಕಾರಣ ಅಂದ್ರ, ನಮ್ಮದು ಸಣ್ಣ ಮನಿ. ನೀವು ಬಂದ್ರ ಹಾಲಿನ್ಯಾಗ ನೆಲದ ಮ್ಯಾಲ ಮಲಗಬೇಕು. ನೀರು ಮುಂಜಾನೆ ಒಂದ ಸಲ ಬರ್ತಾವು. ನಿಮಗ ಮೊಣಕಾಲು ಬ್ಯಾನಿ, ನಮ್ಮ ಲಿಫ್ಟ್ ದಿನಾ ಕೆಡ್ತೈತಿ. ಎಣ್ಣಿ ಹಚ್ಚಾಕ, ನೀರು ಹಾಕಾಕ ನಾ ಇದ್ದೇ ಇದೀನಿ.

ಇಷ್ಟು ಬರದು ಎದ್ದು ಚಾ ಕುಡದು ಬಂದೆ. ಓದಿ ನೋಡಿದ್ರ ನನಗ ನಾಚಿಕಿ ಬಂತು. ತಾಯಿಗೆ ಲಿಫ್ಟಿನ ಕಾರಣ ಹೇಳ್ತೀಯೇನ ಗಂಗೂ ಅಂತ ನನ್ನನ್ನ ನಾನ ಬೈಕೊಂಡೆ. ಲಿಫ್ಟ್ ಚಲೋನ ಐತ್ರಿ. ನನಗ ಅಂಜಿಕಿ ಬಂದೈತಿ, ಅದಕ್ಕ ಬ್ಯಾಡ ಅನ್ನಾಕ ಹತ್ತೀನಿ.

ಫೋನ್ ಬಿಟ್ಟು ಕಾಗದ ಯಾಕ ಬರೀತಾಳ ಈಕಿ ಅಂತ ನೀವು ಅನ್ಕೊಂಡಿರಬೇಕು. ಅದನ್ನೂ ಹೇಳ್ತೀನಿ. ಬಾಜೂ ಬಿಲ್ಡಿಂಗಿನ್ಯಾಗ ಬಣ್ಣದ ಕೆಲಸ ನಡದಿತ್ತು. ಆ ಬಂಗಾಲಿ ಕೆಲಸದ ಮಂದಿ ಕೆಳಗ ತಗಡಿನ ಶೆಡ್ ಹಾಕ್ಕೊಂಡು ಅಲ್ಲೇ ಇರ್ತಿದ್ರು, ಅವರಿಗೆ ಅಡಗಿ ಮಾಡಾಕ ಒಬ್ಬಾಕಿ ಹೆಣ್ಣುಮಗಳು. ದೀಪಾವಳಿ ಮುಗದ ಮ್ಯಾಲ ಒಂದು ಮುಂಜಾನೆ ಪೊಲೀಸರ ವ್ಯಾನ್ ಬಂತು. ನಾ ಗ್ಯಾಲರಿಯಾಗ ಅರಿವಿ ಒಣ ಹಾಕಾಕ ಹತ್ತಿದ್ದೆ. ನೀವು ಬಾಂಗ್ಲಾದೇಶದವರೇನು ಅಂತ ಎಲ್ಲಾರನ್ನೂ ಸಾಲಾಗಿ ನಿಂದರಿಸಿ ಕಾರ್ಡ್ ಕೇಳಿದ್ರು, ಫೋನ್ ಕಸಗೊಂಡು ಯಾರಿಗೆ ಯಾವ ದೇಶಕ್ಕ ಮಾತಾಡ್ಯಾರ ಅಂತ ತಗದು ನೋಡಿದ್ರು. ನಾವು ಪಶ್ಚಿಮ ಬಂಗಾಲದ ಮಾಲ್ದಾ ಜಿಲ್ಲಾದವರು, ಇದ ದೇಶದವರು ಅಂತ ಒಬ್ಬಾಂವ ಕೂಗಿ ಕೂಗಿ ಹೇಳ್ದ. ಆ ಅಡಗಿಯಾಕಿ ಕೈಯಾಗಿನ ಸೌಟು ಹಿಡಕೊಂಡ ವ್ಯಾನ್ ಹತ್ತಿದ್ಲು. ಗಂಡಸರು ಆಮ್ಯಾಲ ತಿರುಗಿ ಬಂದಾರ. ಆಕಿ ಎಲ್ಲಿ ಅದಾಳೋ ಯಾರಿಗೂ ಗೊತ್ತಿಲ್ಲ. ಗಡಿ ದಾಟಿಸಿ ಬಿಟ್ಟಾರ ಅಂತ ಕೆಲವರು ಅಂತಾರ.

ಹಿಂದ ತಿರುಗಿ ನೋಡಿದ್ರ ಪ್ರಣೀತಾ ಅಡಗಿಮನಿ ಬಾಗಿಲದಾಗ ನಿಂತಿದ್ಲು. ಅವತ್ತ ತನ್ನ ಫೋನಿನ್ಯಾಗಿಂದ ಬಾಂಗ್ಲಾದೇಶದ ಖುಲ್ನಾದಾಗ ಉಳದ ನಿಮ್ಮ ಕಾಕಾನ ಮಗಳ ನಂಬರ್ ತಗದು ಹಾಕಿದ್ಲು. ನೀವು ಕಳಿಸಿದ್ದ ಮಾತು, ಫೋಟೋ ಎಲ್ಲಾ ಅಳಿಸಿದ್ಲು. ನೀ ಸಿಂಧನೂರಾಗ ಹುಟ್ಟಿದಾಕಿ, ನಿನಗ್ಯಾಕ ಹೆದರಿಕಿ ಅಂತ ಬಸು ಎಷ್ಟು ಹೇಳಿದ್ರೂ ಕೇಳ್ಲಿಲ್ಲ.

ಮೊನ್ನೆ ಫೋನಿನ್ಯಾಗ ನೀವು ನನ್ನ ಮುಂದ ಕಣ್ಣೀರು ತಗದ್ರಿ. ನಾ ಬಂಗಾಲಿಯಾಗ ಕೇಳಿದ್ರ ಮಗಳು ಕನ್ನಡದಾಗ ಉತ್ತರಾ ಕೊಡ್ತಾಳ, ತಾಯಿ ಭಾಷಾ ಬ್ಯಾಡಾತೇನು ಅಂದ್ರಿ. ಹಂಗಲ್ರಿ ಅಕ್ಕಾರ. ನಮ್ಮ ಗ್ವಾಡಿ ತೆಳ್ಳಗದಾವು, ಬಾಜೂ ಮನಿ ಮಾಧುರಿ ಸೀನಿದ್ರ ನಮಗ ಕೇಳ್ತೈತಿ. ಪ್ರಣೀತಾ ಸಿಟ್ಟಿನಿಂದ ಹಂಗ ಮಾತಾಡಿಲ್ಲ, ಹೆದರಿ ಮಾತಾಡ್ಯಾಳ. ನಾನೂ ಅದಕ್ಕ ಫೋನ್ ಬಿಟ್ಟು ಕಾಗದ ಹಿಡದೀನಿ.

ನಿಮ್ಮ ಅಪ್ಪಾರು ಪೂರ್ವ ಪಾಕಿಸ್ತಾನ ಬಿಟ್ಟು ಜೀವ ಕೈಯಾಗ ಹಿಡಕೊಂಡು ಓಡಿ ಬಂದದ್ದು, ಸರಕಾರನ ನಿಮ್ಮನ್ನೆಲ್ಲಾ ರೈಲಿನ್ಯಾಗ ಕೂಡ್ರಿಸಿ ತಂದು ಸಿಂಧನೂರ ಕ್ಯಾಂಪಿನ್ಯಾಗ ಹೊಲ ಕೊಟ್ಟು ನೆಲಿ ಹಚ್ಚಿದ್ದು, ನೀವು ಅಲ್ಲಿ ಕನ್ನಡ ಸಾಲಿ ಕಲ್ತದ್ದು, ಇದೆಲ್ಲಾ ಬೀಗತನ ಆಗೂ ಮೊದಲ ನನ್ನ ಮುಂದ ಬಿಚ್ಚಿ ಹೇಳೀರಿ. ಬಸು ಸಿಂಧನೂರ ಬ್ಯಾಂಕಿನ್ಯಾಗ ಇದ್ದಾಗ ಇಂಥಾ ಹುಡಿಗೀನ ಮದಿವಿ ಆಗ್ತೀನಿ ಅಂದಾಗ ನಾ ಕ್ಯಾತಿ ತಗದಿದ್ದು ಮೀನಿನ ವಾಸನಿಗೆ, ಊರಿಗೆ ಅಲ್ಲ. ನಿಮ್ಮಲ್ಲಿ ವೋಟರ್ ಕಾರ್ಡ್ ಐತಿ, ರೇಶನ್ ಐತಿ. ಆದ್ರ ಇಲ್ಲಿ ಬಿಲ್ಡಿಂಗಿನ ಮಂದಿಗೆ ನಾವು ಸೊಸಿ ರಾಯಚೂರ ಕಡೆಯಾಕಿ ಅಂತಷ್ಟ ಹೇಳೀವಿ. ಸುಳ್ಳಲ್ಲ. ಮುಂದ ಯಾರೂ ಕೇಳ್ಲಿಲ್ಲ, ನಾವೂ ಹೇಳ್ಲಿಲ್ಲ. ಆಕಿ ಕನ್ನಡ ನನ್ನ ಕನ್ನಡಕ್ಕಿಂತ ಚೊಕ್ಕ.

ಈಗ ಕುಬಸದ ಸುದ್ದಿ ಹೇಳ್ತೀನಿ. ಫೋಟೋದಾಗ ಎಲ್ಲಾರೂ ನಗೂದು ನೋಡೀರಿ, ಅಲ್ಲಿ ನಡದದ್ದು ಬ್ಯಾರೇನ ಐತಿ.

ಹಸಿರು ಸೀರಿ ಉಡಿಸಿ, ಹಸಿರು ಬಳಿ ಇಡಿಸಿ, ಪಾಟದ ಮ್ಯಾಲ ಕೂಡ್ರಿಸಿದ್ವಿ. ಬಿಲ್ಡಿಂಗಿನ ಹೆಣ್ಣುಮಕ್ಕಳು ಮನಿ ತುಂಬಾ. ಉಡಿ ತುಂಬಿ ಮಾಧುರಿ ನಾನು ಕೂಡಿ ಆರತಿ ಎತ್ತಿದ್ವಿ. ಅಷ್ಟೊತ್ತಿಗೆ ಪ್ರಣೀತಾನ ಬಾಯಾಗಿಂದ ಉಲು ಬಂದಬಿಟ್ಟಿತು! ಅದ ರೀ, ಶುಭ ಕಾರ್ಯದಾಗ ನಿಮ್ಮ ಹೆಂಗಸರೆಲ್ಲಾ ನಾಲಿಗಿ ಆಡಿಸಿ ಉಲು ಉಲು ಅಂತ ದನಿ ತಗೀತೀರಲ್ಲ, ಅದು. ಮದಿವ್ಯಾಗ ನಿಮ್ಮ ಕ್ಯಾಂಪಿನವರು ಅದನ್ನ ತಗದಾಗ ನಮ್ಮ ಬೀಗರ ಬಸ್ಸಿನ ಡ್ರೈವರ್ ಏನಾತೋ ಅಂತ ಇಳದು ಓಡಿ ಬಂದಿದ್ದ. ಆರತಿ ನೋಡಿದ ಕೂಡಲೆ ಹುಡಿಗಿಗೆ ತವರು ನೆನಪಾಗಿರಬೇಕು. ಅರ್ಧಕ್ಕ ಎಚ್ಚರಾಗಿ ಎರಡೂ ಕೈಲೆ ಬಾಯಿ ಮುಚ್ಚಿಕೊಂಡ್ಲು.

ಮಾಧುರಿ ಇದೇನು ಅಂತ ಕೇಳಿದ್ಲು. ನಾ ಥಟ್ಟನ ಅಯ್ಯ, ನಮ್ಮ ಬಿಜಾಪುರ ಕಡೆ ಪದ್ಧತಿ ಅಂದೆ. ಅಂದು ಸುಮ್ಮನಿರಬೇಕಿಲ್ಲೊ? ತೋರಸಾಕ ಹೋಗಿ ನಾನೂ ಒಂದು ಉಲು ತಗದೆ. ಕೋಳಿ ಕುತ್ತಿಗಿ ಹಿಚುಕಿದಂಗ ಆತು. ಎಲ್ಲಾರೂ ನಕ್ಕರು. ಮಾಧುರಿ ಮಾತ್ರ ನಗಲಿಲ್ಲ. ಕಾಕು, ನಿಮ್ಮ ಹೊಟ್ಟಿ ಮಗಳ ಕುಬಸಕ್ಕೂ ನಾ ಬಂದಿದ್ದೆ, ಆವಾಗ ಯಾರೂ ಹಿಂಗ ಮಾಡ್ಲಿಲ್ಲ ಅಂತ ನನಗ ಅಂದ್ಲು. ನಾ ತಾಟಿಗೆ ಹೋಳಗಿ ನೀಡಾಕ ಎದ್ದೆ. ಹೋಳಗಿಗೆ ಹಾಕೂ ತುಪ್ಪಾನ ಸೀರಿ ಮ್ಯಾಲ ಚೆಲ್ಲಿಕೊಂಡೆ.

ಅವತ್ತ ರಾತ್ರಿ ನಿಮ್ಮ ಮಗಳು ನೀವು ಕೊಟ್ಟ, ನಿಮ್ಮ ಮುತ್ತೈದೇರು ಇಡೂ ಶಂಖದ ಬಳಿ ಹಿಟ್ಟಿನ ಡಬ್ಬ್ಯಾಗ ಹುಗದಿಟ್ಲು. ನಾನ ಹಂಗ ಮಾಡು ಅಂದಿದ್ದೆ.

ಅದಾಗಿ ಮುಂದಿನ ರವಿವಾರ ಸೊಸಾಯಿಟಿ ಮೀಟಿಂಗ್. ಕೆಳಗ ಪಾರ್ಕಿಂಗಿನ್ಯಾಗ ಖುರ್ಚಿ ಹಾಕಿದ್ರು. ನಮ್ಮ ಸೆಕ್ರೆಟರಿ ಸುಹಾಸ ಎದ್ದು ನಿಂತು, ಇನ್ನ ಮ್ಯಾಲ ಯಾರ ಮನಿಗರೆ ಬ್ಯಾರೆ ಊರವರು ಬಂದು ಉಳದ್ರ ಅವರ ಕಾರ್ಡ್ ವಾಚ್‌ಮನ್ ಕಡೆ ಕೊಡಬೇಕು, ಅದರ ನಕಲು ಪೊಲೀಸ್ ಠಾಣೆಗೆ ಹೋಗ್ತೈತಿ, ಠರಾವು ಮಾಡೂಣು ಅಂದ. ದೊಡ್ಡ ವಾದ ಆತು. ನಾಲ್ಕನೇ ಮಜಲಿನ ಸಿಂಧಿ ಅಜ್ಜ ತೇಜವಾನಿ, ನಮ್ಮವ್ವ ನನ್ನನ್ನ ಬಗಲಾಗ ಎತ್ಕೊಂಡು ಕರಾಚಿಯಿಂದ ಹಡಗ ಹತ್ತಿ ಬಂದಿದ್ಲು, ಈ ಮುಲುಂಡದಾಗ ಆವಾಗ ನಮ್ಮನ್ನೂ ನಿರಾಶ್ರಿತರು ಅಂತಿದ್ರು, ಅಂದ. ಅಜ್ಜಾ, ನೀವು ಕಾಯ್ದೆ ಪ್ರಕಾರ ಬಂದವರು, ಇವರು ಕದ್ದು ಬರೋರು ಅಂತ ಒಬ್ಬರು ಅಂದ್ರು. ಮುಖ ನೋಡಿ ಅದನ್ನ ಹೆಂಗ ಗುರುತು ಹಿಡೀತೀರಿ ಅಂತ ಅಜ್ಜ ಕೇಳ್ದ. ಮಾಧುರಿ ಎದ್ದು, ನಮ್ಮ ಮನಿ ಕಳುವಾದಾಗ ಯಾರು ಬಂದು ಹೋದ್ರು ಅಂತ ಒಬ್ಬರೂ ಹೇಳ್ಲಿಲ್ಲ, ಮನಿಗೆ ಬಾಗಿಲ ಇದ್ದಂಗ ದೇಶಕ್ಕೂ ಬಾಗಿಲ ಬ್ಯಾಡೇನು ಅಂದ್ಲು.

ಖರೆ ಹೇಳ್ತೀನಿ ಅಕ್ಕಾರ, ಆಕಿ ಮಾತು ತಪ್ಪು ಅನ್ನಾಕ ನನಗ ಬಾಯಿ ಬರ್ಲಿಲ್ಲ. ನಾನೂ ಹೊಸಾ ಕೆಲಸದಾಕಿ ಬಂದ್ರ ನಿಮ್ಮೂರು ಯಾವುದವಾ ಅಂತ ಮೊದಲ ಕೇಳಾಕಿನ. ಬಾಗಿಲ ಬೇಕು. ಆದ್ರ ಬಾಗಿಲದಾಗ ನಿಂತು ಕೇಳಾಂವ ಉತ್ತರಾ ಕೇಳಿಸ್ಕೊಬೇಕಲ್ಲ? ಆ ಮಾಲ್ದಾದಾಂವ ಅಷ್ಟು ಕೂಗಿದ್ರೂ ಯಾರು ಕೇಳಿಸ್ಕೊಂಡ್ರು? ನಾ ಮದಿವಿಯಾಗಿ ಈ ಊರಿಗೆ ಬಂದಾಗ ನಮ್ಮ ಅತ್ತಿ, ಗ್ಯಾಲರಿಯಾಗ ನಿಂತು ಕನ್ನಡದಾಗ ಕೂಗಬ್ಯಾಡ ಅಂತ ಬೈತಿದ್ಲು. ಒಂದು ಕಾಲಕ್ಕ ಹೊರಗಿನವರು ಅಂತ ನಮ್ಮಂಥ ಕನ್ನಡದವರ ಹೋಟೆಲ್ ಬೋರ್ಡ್ ಒಡದಿದ್ರಂತ ಇಲ್ಲಿ. ಆ ಅಂಜಿಕಿ ನಾ ಕಂಡಿರಲಿಲ್ಲ, ಅತ್ತಿ ಸುಮ್ಮನ ಹೆದರಸ್ತಾಳ ಅಂತಿದ್ದೆ. ಈಗ ನನ್ನ ಸೊಸಿಗೆ ನಾನ ಅದನ್ನ ಹೇಳಾಕ ಹತ್ತೀನಿ.

ಕಡೀಕ ಸುಹಾಸ ಕೈ ಎತ್ರಿ ಅಂದ. ಒಂದು ಮನಿಗೆ ಒಂದ ಕೈ. ತೇಜವಾನಿ ಅಜ್ಜ ಎತ್ತಲಿಲ್ಲ. ನಮ್ಮ ಮನಿಯಿಂದ ಕೈ ಎದ್ದಿತು. ಎತ್ತದಿದ್ರ ಮಾಧುರಿ ಕಣ್ಣು ನಮ್ಮ ಮ್ಯಾಲ ಬೀಳ್ತಿತ್ತು. ನಿಮ್ಮಂಥಾ ಬೀಗತಿ ಇದ್ದೂ ನಮ್ಮ ಮನಿಯಿಂದ ಕೈ ಎದ್ದಿತಲ್ಲ ಅಂತ ಸಿಟ್ಟು ಬಂದ್ರ ನನ್ನ ಮ್ಯಾಲ ಮಾಡ್ಕೋರಿ, ಹುಡಿಗಿ ಮ್ಯಾಲ ಬ್ಯಾಡ.

ಈಗ ನೀವ ವಿಚಾರ ಮಾಡ್ರಿ. ನೀವು ಬಂದ್ರ ಕಾರ್ಡ್ ಕೊಡಬೇಕು. ಅದರಾಗ ನಿಮ್ಮ ಹೆಸರು, ಮಂಡಲ್ ಅಂತ ಬಂಗಾಲಿ ಅಡ್ಡಹೆಸರು, ಕೆಳಗ ಕ್ಯಾಂಪ್ ಅಂತ ವಿಳಾಸ. ಯಾವ ಕ್ಯಾಂಪು ಅಂತ ಸುಹಾಸ ಕೇಳ್ತಾನ. ಪೊಲೀಸ್ ಠಾಣೆಗೆ ಕರಸ್ತಾರ. ನಿಮ್ಮ ಅಪ್ಪಾರು ತಂದ ಹಳೇ ಕಾಗದ ಎಲ್ಲಿ ಅಂತಾರ. ಅದು ಗೆದ್ದಲು ತಿಂದು ಹೋಗೈತಿ ಅಂತ ನೀವ ಹೇಳೀರಿ. ನಿಮ್ಮನ್ನ ವ್ಯಾನಿನ್ಯಾಗ ಕೂಡ್ರಿಸಿದ್ರ ನಾ ಯಾರ ಕಾಲು ಹಿಡೀಲಿ? ಆ ಅಡಗಿಯಾಕಿ ಸೌಟು ಹಿಡಕೊಂಡು ಹತ್ತಿದ್ದು ನನ್ನ ಕಣ್ಣ ಮುಂದಿನಿಂದ ಸರಿವಲ್ದು. ಕರೆಗಂಟಿ ಬಾರಿಸಿದ್ರ ಸಾಕು, ಹಾಲಿನಾಂವ ಅಂತ ಗೊತ್ತಿದ್ರೂ ಮೊದಲ ಗ್ಯಾಲರಿಗೆ ಹೋಗಿ ಕೆಳಗ ವ್ಯಾನ್ ಐತೇನು ಅಂತ ನೋಡ್ತೀನಿ.

ಮತ್ತ ಇನ್ನೊಂದು. ಮೊಮ್ಮಗು ಹುಟ್ಟಿದ್ದು ಕೇಳಿದ ಕೂಡಲೆ ನಿಮ್ಮ ಬಾಯಾಗಿಂದ ಉಲು ಬರೂದ. ತಡಕೊಳ್ಳಾಕ ನಿಮ್ಮಿಂದ ಆಗೂದಿಲ್ಲ, ಯಾವ ಅಜ್ಜಿಯಿಂದನೂ ಆಗೂದಿಲ್ಲ. ಆಸ್ಪತ್ರಿ ತುಂಬಾ ಕೇಳ್ತೈತಿ.

ಅದಕ್ಕ ಕೈ ಮುಗದು ಕೇಳ್ತೀನಿ, ಬರಬ್ಯಾಡ್ರಿ. ಹೆಸರಿಡೂ ಕಾರ್ಯಾನ ನಿಮ್ಮಲ್ಲೇ ಬಂದು ಮಾಡೂಣು. ಬಾಣಂತಿಗೆ ಬಿಸಿನೀರು, ಕೂಸಿಗೆ ಎಣ್ಣಿ, ಕೆಂಡದ ಶೇಕ, ಬಾಣಂತಿ ಖಾರ, ಯಾವುದೂ ಕಡಿಮಿ ಮಾಡೂದಿಲ್ಲ. ನನ್ನ ಹೊಟ್ಟಿಲೆ ಹುಟ್ಟಿದಾಕಿಗೆ ಮಾಡಿದ್ದಕ್ಕಿಂತ ಹೆಚ್ಚ ಮಾಡ್ತೀನಿ. ಈ ಕಾಗದ ಓದಿ ಒಲಿಗೆ ಹಾಕ್ರಿ.

ನಿಮ್ಮ ಮನಸ್ಸು ನೋಯಿಸಿದ, ಆದ್ರೂ ನಿಮ್ಮಾಕೀನ ಆದ,
ಗಂಗುಬಾಯಿ

ತಾ.ಕ.: ಲಕೋಟಿ ಅಂಟಿಸಿ ಇಟ್ಟಿದ್ದೆ, ಮತ್ತ ಹರದು ಬರಿಯಾಕ ಹತ್ತೀನಿ. ಸಹಿ ಮಾಡಿದ ಮ್ಯಾಲ ಜೀವ ತಡೀವಲ್ದು. ಮೀಟಿಂಗಿನ್ಯಾಗ ನಮ್ಮ ಮನಿಯಿಂದ ಎದ್ದ ಕೈ ನನ್ನದಲ್ಲ. ನಾ ತೊಡಿ ಮ್ಯಾಲ ಕೈ ಇಟ್ಕೊಂಡು ಕೂತಿದ್ದೆ. ಮಗ್ಗಲದಾಗ ಬಳಿ ಸಪ್ಪಳಾತು, ತಿರುಗಿ ನೋಡಿದ್ರ ಪ್ರಣೀತಾ ಕೈ ಎತ್ತಿದ್ಲು, ಎಲ್ಲಾರಿಗಿಂತ ಮೊದಲ. ಈ ಕಾಗದ ಬರಸಿದಾಕೀನೂ ಆಕೀನ. ನೀವು ಬ್ಯಾಡ ಅಂದ್ರ ಮಾ ನಿಮ್ಮನ್ನ ಬೈತಾಳ ಅತ್ತಿ, ನಾ ಬ್ಯಾಡ ಅಂದ್ರ ಮಾ ಸಾಯ್ತಾಳ ಅಂದ್ಲು. ಹೂಂ ಅಂದೆ. ಈಗ ಒಳಗ ಮಲಗ್ಯಾಳ. ಎಚ್ಚರಿದ್ದಾಗ ಒಂದು ಬಂಗಾಲಿ ಮಾತಾಡದಾಕಿ ನಿದ್ದಿಗಣ್ಣಾಗ ಮಾ, ಮಾ ಅಂತ ನಿಮ್ಮನ್ನ ಕರಿಯಾಕ ಹತ್ಯಾಳ. ಆಸ್ಪತ್ರ್ಯಾಗ ಹೆರಿಗಿ ಬ್ಯಾನಿ ಬಂದಾಗ ಯಾರನ್ನ ಕರೀತಾಳ ಆಕಿ? ಅಕ್ಕಾರ, ಟಿಕೆಟ್ ಕ್ಯಾನ್ಸಲ್ ಮಾಡ್ಸಬ್ಯಾಡ್ರಿ. ಬರ್ರಿ. ಕಲ್ಯಾಣ ಸ್ಟೇಶನ್ನಿಗೆ ನಾನ ಬರ್ತೀನಿ. ನಿಮ್ಮ ಕಾರ್ಡ್ ವಾಚ್‌ಮನ್ ಕೈಯಾಗ ನಾನ ಕೊಡ್ತೀನಿ. ಆಮ್ಯಾಲ ಏನಾಗ್ತೈತೋ ನನಗ ತಿಳಿವಲ್ದು. ಆದ್ರ ಒಂದ ಮಾತು. ಕೂಸು ಹುಟ್ಟಿದ ಕೂಡಲೆ ನಾ ನಿಮ್ಮ ಬಾಯಿ ಮ್ಯಾಲ ಕೈ ಇಡ್ತೀನಿ. ತಪ್ಪು ತಿಳೀಬ್ಯಾಡ್ರಿ.