ಹಿಂದಿನ ಸೀಟಿನ ಹಾರ್ಮೋನಿಯಂ

ಕಿರಂಗೂರು, ಶ್ರೀರಂಗಪಟ್ಟಣ ತಾಲ್ಲೂಕು
ಶನಿವಾರ, ೧೫-೨-೨೦೨೫

ಪ್ರೀತಿಯ ತಮ್ಮ ತಿಮ್ಮೇಶನಿಗೆ,

ಎಲೈ ಸಹೋದರನೇ, ಕ್ಷೇಮವೇ? ನಾಗಮಂಗಲದ ನೀರು ಮೈಗೆ ಹಿಡಿಯಿತೇ? ತನುಶ್ರೀ ತವರಿನಲ್ಲಿ ಹೇಗಿದ್ದಾಳೆ? ಮಾವನ ಮನೆಯಲ್ಲಾದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಅಲ್ಲೂ ಕಾರಿನ ಕೆಳಗೇ ಮಲಗಿರುತ್ತೀಯೋ? ಅವ್ವ ಕೇಳು ಎಂದಳು, ಕೇಳಿದ್ದೇನೆ. ಫೋನಿನಲ್ಲೇ ಕೇಳಬಹುದಿತ್ತು; ಮನೆಯಲ್ಲಿರುವ ಒಂದೇ ಫೋನು ನನ್ನದು, ಆ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಅಂಚೆಯವನನ್ನು ಬ್ಲಾಕ್ ಮಾಡುವ ವಿದ್ಯೆ ನಿನಗಿನ್ನೂ ಒಲಿದಿಲ್ಲವಲ್ಲ, ಅದಕ್ಕೇ ಈ ಕಾಗದ. ಇಲ್ಲಿ ಎಮ್ಮೆ ಕರು ಹಾಕಿದೆ. ನಾಲೆಯಲ್ಲಿ ನೀರಿದೆ. ಅಪ್ಪನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲು ಎದೆಯಲ್ಲಿರುವುದನ್ನು ಕಕ್ಕಿಬಿಡುತ್ತೇನೆ.

ಪಾಂಡವಪುರದ ನಿನ್ನ ರಿಪೇರಿ ಅಂಗಡಿಯಿಂದ ಒಂದೊಂದೇ ಬಿಡಿಭಾಗ ತಂದು ಅಪ್ಪನ ಓಮ್ನಿ ಕಾರಿನೊಳಗೆ ಕಂಪ್ಯೂಟರ್ ಕಟ್ಟಿದೆಯಲ್ಲ, ಆಗ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತವನು ನಾಟಕದ ಈ ರಾಜಪಾರ್ಟಿನವನೇ. ಮದರ್‌ಬೋರ್ಡಿಗೊಂದು ಪೆಟ್ಟಿಗೆ ಬೇಕೆಂದೆ ನೀನು. ಪಾತ್ರಧಾರಿಗಳ ಬಣ್ಣ ಇಡುತ್ತಿದ್ದ ತಗಡಿನ ಟ್ರಂಕನ್ನೇ ಅಪ್ಪ ಕೊಟ್ಟರು. ಅದಕ್ಕೆ ತೂತು ಕೊರೆದು ಫ್ಯಾನು ಕೂರಿಸಿದೆ. ಗುಂಡಿಬಿದ್ದ ರಸ್ತೆಯಲ್ಲಿ ಕುಲುಕಬಾರದೆಂದು ಅಡಿಗೆ ಹಳೇ ಟ್ಯೂಬಿನ ರಬ್ಬರು ಹಾಸಿದೆ. ಗಾಡಿ ಸ್ಟಾರ್ಟ್ ಮಾಡಿದಾಗಲೆಲ್ಲ ಕರೆಂಟು ಕುಸಿದು ಕಂಪ್ಯೂಟರ್ ಕಣ್ಣು ಮುಚ್ಚುತ್ತಿತ್ತು. ಅದಕ್ಕೆಂದೇ ಬೇರೆ ಬ್ಯಾಟರಿ ಇಟ್ಟೆ. ಟೇಪ್‌ರೆಕಾರ್ಡರ್ ಇದ್ದ ಜಾಗದಲ್ಲಿ ಪರದೆ ಬೆಳಗಿದಾಗ "ಭಳಿರೇ ತಮ್ಮಾ!" ಎಂದು ನಾನು ಅಬ್ಬರಿಸಿದ್ದು ಬೀದಿಯ ಆ ತುದಿಗೂ ಕೇಳಿತಂತೆ. ಸ್ಪೀಕರಿಗೆ ಜಾಗ ಸಾಲದೆಂದು ನೀನು ಹಿಂದಿನ ಸೀಟು ಬಿಚ್ಚಿದಾಗ ಮಾತ್ರ ನಾನು ಟಾರ್ಚ್ ಆರಿಸಿದೆ. ಹಾರ್ಮೋನಿಯಂ ಮೇಷ್ಟ್ರು ದೇವಯ್ಯನವರು, ಅಂದರೆ ನಮ್ಮಪ್ಪ, ಊರೂರಿಗೆ ನಾಟಕ ಕಲಿಸಲು ಹೋಗುವಾಗ ಅವರ ಪೆಟ್ಟಿಗೆ ಕೂರುತ್ತಿದ್ದ ಸೀಟು ಅದು. ಅಪ್ಪ ಮುಂದೆ ಕೂತು, ಹಿಂದಕ್ಕೆ ಕೈ ಚಾಚಿ, ನಿದ್ದೆ ಹೋದ ಮಗುವನ್ನು ಹಿಡಿದಂತೆ ಅದನ್ನು ಹಿಡಿದಿರುತ್ತಿದ್ದರು.

ಜಗಲಿಯ ಮೇಲೆ ಅಪ್ಪ ನುಡಿಸಿದ್ದನ್ನೆಲ್ಲ ನೀನು ಆ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡ ದಿನಗಳು ನೆನಪಿವೆಯೇ? ನಾನು ಹಾಡುತ್ತಿದ್ದೆ, ನಡುವೆ ಸಾಲು ಮರೆಯುತ್ತಿದ್ದೆ. ಅಪ್ಪ ಬೆರಳು ಎತ್ತುತ್ತಿರಲಿಲ್ಲ. ಅದೇ ಸ್ವರವನ್ನು ಹಿಡಿದು ತಿದಿ ಒತ್ತುತ್ತಾ, "ಯೋಳ್ಲಾ ಮಗ, ನಾ ಇಡ್ಕಂಡಿವ್ನಿ" ಎನ್ನುತ್ತಿದ್ದರು. ನನ್ನೊಬ್ಬನಿಗಲ್ಲ, ಗದೆ ಹೊತ್ತ ಈ ಸೀಮೆಯ ರೈತರಿಗೆಲ್ಲ ಹಾಗೆಯೇ ಕಾದವರು ಅವರು. ನೀನೋ, "ಅಣ್ಣೋ, ನಡ್ವೆ ಅಪ್ಪನ್ ಮಾತೆಲ್ಲ ಬಂದ್ಬುಟ್ಟದೆ, ಕಸ ಎಲ್ಲ ಕ್ಲೀನ್ ಮಾಡ್ತೀನಿ ತಡಿ" ಎಂದೆ. ಮಾಡಿದೆ. ಆಮೇಲೆ ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಯಿತು. ಇನ್ನು ಈ ಕಾರೇ ಅಪ್ಪನ ಕೈ ಎಂದು ನಾವೆಲ್ಲ ನಂಬಿದೆವು.

ಹೊಸಹೊಳಲಿನ ನಾಟಕದ ಆ ಬೆಳಗು! ಮೇಷ್ಟ್ರಿಗೆ ವೀಳ್ಯ ಕೊಟ್ಟು, ಅವರು ಮೊದಲ ಸ್ವರ ಹಿಡಿಯುವವರೆಗೆ ಯಾವನೂ ಮುಖಕ್ಕೆ ಬಣ್ಣ ಮುಟ್ಟಿಸುವುದಿಲ್ಲ. ನಮ್ಮ ಕಡೆ ಅದು ಕಟ್ಟಳೆ. ನಾಟಕದ ಯಜಮಾನ ಸಿದ್ದರಾಮು ತಟ್ಟೆ ಹಿಡಿದು ಬಂದ. ಇಸ್ತ್ರಿ ಅಂಗಿ ಹಾಕಿ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಎಡಗೈಯಿಂದ ಬಲಗೈಯನ್ನು ಎತ್ತಿ, ಎರಡನ್ನೂ ಜೋಡಿಸಿ ಒಡ್ಡಿದರು. ಸಿದ್ದರಾಮು ಅವರನ್ನು ದಾಟಿ ನಡೆದ. ತಟ್ಟೆಯನ್ನು ಕಾರಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಪರದೆಗೆ ಕುಂಕುಮ ಹಚ್ಚಿ, ಸ್ಟೀರಿಂಗಿಗೆ ಹಾರ ಹಾಕಿದ. "ಮೇಷ್ಟ್ರೇ, ಇನ್ಮ್ಯಾಕೆ ನೀವು ಆರಾಮಾಗಿ ಕುಂತ್ಕಳಿ, ಕಾರೇ ಎಲ್ಲಾ ನೋಡ್ಕತದೆ" ಎಂದ. ನೀನು ನಕ್ಕು, ತಲೆ ಬಗ್ಗಿಸಿ ಆ ಮರ್ಯಾದೆಯನ್ನು ಒಪ್ಪಿಸಿಕೊಂಡೆ. ಅಪ್ಪನ ಕೈಗಳು ಹಾಗೇ ತೊಡೆಯ ಮೇಲೆ ಇಳಿದವು.

ಮುಂದಿನದು ಊರಿಗೆಲ್ಲ ಗೊತ್ತು. ಸಭೆಯ ನಡುವೆ, ಕಿರೀಟ ಹೊತ್ತು ನಿಂತು, ನಾನು ಸಾಲು ಮರೆತೆ. ಕಂಪ್ಯೂಟರ್ ಕಾಯಲಿಲ್ಲ, ಆ ಹಾಡು ಮುಗಿಸಿ ಮುಂದಿನ ಹಾಡಿಗೆ ನಡೆದೇಬಿಟ್ಟಿತು. "ಲೇ ರಾಜಾ, ಓಡ್ಲಾ, ಬಸ್ಸು ಒಂಟೋಯ್ತು!" ಎಂದು ಒಬ್ಬ ಕೂಗಿದ. ಜನವೆಲ್ಲ ಗೊಳ್ಳೆಂದಿತು. ನಾನು ಅಪ್ಪನತ್ತ ನೋಡಿದೆ. ಅವರ ಎಡಗೈ ಮಂಡಿಯ ಮೇಲೆ ಮುಂದಕ್ಕೂ ಹಿಂದಕ್ಕೂ ಆಡುತ್ತಿತ್ತು. ಇಲ್ಲದ ತಿದಿಯನ್ನು ಒತ್ತುತ್ತಿದ್ದರು ಕಣ್ಲಾ, ನನಗಾಗಿ ಸ್ವರ ಹಿಡಿದಿದ್ದರು. ಗದೆ ಸಮೇತ ಇಳಿದುಬಂದು ನಿನ್ನ ಕೊರಳಪಟ್ಟಿ ಹಿಡಿದಾಗ ನೀನು ಅಂದೆ: "ನೀನ್ ಮರ್ತ್ರೆ ಮಿಷಿನ್ ಏನಣ್ಣ ಮಾಡಾದು?" ಒಪ್ಪಿದೆ. ಮಿಷಿನ್ ಏನೂ ಮಾಡಲಾರದು. ಅದರ ಪಕ್ಕದಲ್ಲಿ ನೀನಿದ್ದೆಯಲ್ಲ, ಒಂದು ಬಟನ್ ಒತ್ತಿ ನಿಲ್ಲಿಸಬಹುದಿತ್ತಲ್ಲ! ನೀನೋ, ಹಾರ ಹಾಕಿದ ಸ್ಟೀರಿಂಗಿನ ಜೊತೆ ಫೋಟೊ ತೆಗೆಸಿಕೊಳ್ಳುತ್ತಿದ್ದೆ.

ಇರಲಿ. ಈಗ ನಾಗಮಂಗಲದ ಸುತ್ತೆಲ್ಲ ಅಪ್ಪನ ಬೆರಳುಗಳನ್ನು ಕಾರಿನಲ್ಲಿಟ್ಟುಕೊಂಡು ತಿರುಗುತ್ತಿದ್ದೀಯಂತೆ. ರಂಗನಾಥ ನಿನಗೆ ಆಯುಷ್ಯ ಕೊಡಲಿ, ನಿನ್ನ ಬ್ಯಾಟರಿಗೂ ಕೊಡಲಿ. ತನುಶ್ರೀಗೆ ಅವ್ವನ ಆಶೀರ್ವಾದ ತಿಳಿಸು.

ನಿನ್ನ ಅಣ್ಣ,
ಅಂದಾನಯ್ಯ

ವಿ.ಸೂ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಗುರುವಾರ ಅಪ್ಪನಿಗೆ ಮತ್ತೆ ಲಕ್ವ ಹೊಡೆಯಿತು. ಮಾತು ಹೋಗಿದೆ, ಇನ್ನು ಬರುವುದಿಲ್ಲವಂತೆ. ಅವರ ದನಿ ಒಂದೇ ಒಂದು ಸಲ ಕೇಳಬೇಕೆಂದು ಅವ್ವ ಹಟ ಹಿಡಿದಿದ್ದಾಳೆ. ನೀನು ಕಸವೆಂದು ಕತ್ತರಿಸಿದ ಆ ಮಾತು ಟ್ರಂಕಿನೊಳಗೆ ಎಲ್ಲಾದರೂ ಉಳಿದಿದ್ದರೆ, ಕಾಗದ ಕಂಡ ತಕ್ಷಣ ಕಾರು ತಿರುಗಿಸಿಕೊಂಡು ಬಾ. ಅಳಿಸಿಹೋಗಿದ್ದರೆ ಅವ್ವನಿಗೆ ಹೇಳಬೇಡ. ಕಾರು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ನಾನೇ ಹೇಳುತ್ತೇನೆ. ಆ ಸಾಲು ನಾನು ಮರೆಯುವುದಿಲ್ಲ, ಯಾರೂ ಸ್ವರ ಹಿಡಿದು ಕಾಯಬೇಕಾಗಿಲ್ಲ.