ಊಟದ ನಂತರ

ಅಕ್ಕನಿಗೆ,

ಫೋನಿನಲ್ಲಿ ನೀನು "ಊಟ ಆಯ್ತೇನೇ?" ಅಂದ ಕೂಡಲೇ ನನ್ನ ಬಾಯಿ "ಆಯ್ತಕ್ಕ" ಅಂದುಬಿಡುತ್ತದೆ. ಹೊಟ್ಟೆಯನ್ನು ಒಂದು ಮಾತೂ ಕೇಳುವುದಿಲ್ಲ. ಅದಕ್ಕೇ ಈ ಕಾಗದ.

ಮೂರು ವರ್ಷದಿಂದ ನುಂಗುತ್ತಿದ್ದ ನಿದ್ದೆ ಮಾತ್ರೆಯನ್ನು ಡಾಕ್ಟರು ಸ್ವಲ್ಪಸ್ವಲ್ಪವೇ ಇಳಿಸುತ್ತಿದ್ದಾರೆ. ಈಗ ಕಾಲು ಮಾತ್ರೆಗೆ ಬಂದಿದ್ದೇನೆ. ಹಳೆಯ ಚೀಟಿಯಲ್ಲಿ "ಊಟದ ನಂತರ" ಎಂದಿತ್ತಲ್ಲ, ನಾನು ಉಣ್ಣುತ್ತಿದ್ದದ್ದೇ ಮಾತ್ರೆಗೋಸ್ಕರ. ಮಾತ್ರೆ ಕಡಿಮೆಯಾದಂತೆ ತುತ್ತೂ ಕಡಿಮೆಯಾಯಿತು. ಕೈ ನಡುಗಿ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಹೊಲಿಗೆ ಅಂಗಡಿಯ ಯಜಮಾನರು ಸದ್ಯಕ್ಕೆ ಗುಂಡಿ ಆರಿಸಲು ಕೂರಿಸಿದ್ದಾರೆ. ಮೊನ್ನೆ ಡಾಕ್ಟರು ಹೊಸ ಚೀಟಿಯಲ್ಲಿ, ಮಾತ್ರೆಯ ಹೆಸರು ಬರೆಯುವ ಜಾಗದಲ್ಲೇ, "ಅನ್ನ, ಮೊಟ್ಟೆ, ಹಣ್ಣು, ಮೂರು ಹೊತ್ತು" ಎಂದು ಬರೆದು, "ಇದನ್ನ ಮಾತ್ರ ನಿಲ್ಲಿಸ್ಬೇಡಿ" ಅಂದರು.

ನಿನ್ನಿಂದ ಒಂದೇ ಉಪಕಾರವಾಗಬೇಕು. ಡಬ್ಬಿ ಕಳಿಸಬೇಡ, ಬುದ್ಧಿ ಹೇಳಬೇಡ. ಇನ್ನು ಮೇಲೆ "ಊಟ ಆಯ್ತಾ" ಅನ್ನದೆ "ಏನು ತಿಂದೆ" ಎಂದು ಕೇಳು. ದಿನಕ್ಕೊಂದು ಅಡುಗೆಯನ್ನು ಸುಳ್ಳುಸುಳ್ಳೇ ಬೇಯಿಸುವಷ್ಟು ತ್ರಾಣ ನನ್ನಲ್ಲಿಲ್ಲ.

ಇವತ್ತು ಅನ್ನ, ಒಂದು ಮೊಟ್ಟೆ, ಅರ್ಧ ಬಾಳೆಹಣ್ಣು. ಉಳಿದರ್ಧ ಈ ಕಾಗದದ ಪಕ್ಕದಲ್ಲಿ ಕಪ್ಪಾಗುತ್ತಿದೆ.

ನಿನ್ನ ತಂಗಿ

ತಾ.ಕ.: ಅದನ್ನೂ ತಿಂದೆ.