ಹೆರಿಗೆ ಪಟ್ಟಿಯ ಮೇಲೆ ಹಸಿರು ಪೆನ್ನು

"ಹೆರೋದಕ್ಕೂ ಪಟ್ಟಿ ಬೇಕೇನಮ್ಮ? ಮೂರು ಹೆತ್ತೆ, ಒಂದಕ್ಷರ ಬರೀಲಿಲ್ಲ" ಅಂತ ನಿನ್ನೆ ನಕ್ಕವರು ನೀವೇ ಅಲ್ಲವೇ ಅತ್ತೆ? ಬೆಳಗ್ಗೆ ನೋಡಿದರೆ, ಹೆರಿಗೆ ಹೇಗಾಗಬೇಕು ಅಂತ ನಾನು ಬರೆದು ಫ್ರಿಜ್ಜಿಗೆ ಅಂಟಿಸಿದ್ದ ಆ ಪಟ್ಟಿಯಲ್ಲಿ "ಹೆರಿಗೆ ಕೋಣೆಗೆ ಜೊತೆಗೆ ಬರುವವರು: ಅಕ್ಕ" ಅನ್ನುವುದನ್ನು ಅಳಿಸಿ "ಅತ್ತೆ" ಅಂತ ಬರೆದಿದ್ದೀರಿ. ಗಿರಾಕಿಗಳ ರವಿಕೆ ಅಳತೆ ಬರೆಯುವ ನಿಮ್ಮ ಹಸಿರು ಪೆನ್ನು ನನಗೆ ಗೊತ್ತಾಗುವುದಿಲ್ಲವೇ?

ಆಸ್ಪತ್ರೆಯ ನರ್ಸಮ್ಮ ಆ ಪಟ್ಟಿಯನ್ನು ಬೇಕೆಂದೇ ಪೆನ್ಸಿಲ್ಲಲ್ಲಿ ಬರೆಸಿದ್ದರು. "ಮಗು ನಮ್ಮ ಪಟ್ಟಿ ಓದಿಕೊಂಡು ಬರಲ್ಲ ಕಣಮ್ಮ, ತಿದ್ದೋಕೆ ಜಾಗ ಇರಲಿ" ಅಂದಿದ್ದರು. ನೋವು ತಗ್ಗಿಸುವ ಇಂಜೆಕ್ಷನ್ ಬೇಡ ಅಂತ ಬರೆದಿದ್ದೇನೆ, ಆಮೇಲೆ ಬೇಕಾಗಬಹುದು, ಆಪರೇಷನ್ನೇ ಆಗಬಹುದು. ಅದನ್ನು ತಿದ್ದುವವರು ನಾನು, ಡಾಕ್ಟರು. ನೀವಲ್ಲ. ಮೊನ್ನೆ ಸೊಂಟ ಹಿಡಿದುಕೊಂಡು ಕೂತಾಗ "ನಾಟಕ ಸಾಕು, ಏಳು" ಅಂದಿರಿ. ಹೆರುವಾಗ ಆ ಮಾತು ನನ್ನ ಕಿವಿಗೆ ಬೀಳುವುದು ಬೇಡ.

ನಿಮ್ಮ ಮಗನಿಗೆ ದೂರು ಹೇಳಿದೆ. "ಇಬ್ಬರೂ ಹೊಂದಿಕೊಳ್ಳಿ" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಈ ಚೀಟಿ ಬರೆದಿಟ್ಟು ತಪಾಸಣೆಗೆ ಹೋಗುತ್ತಿದ್ದೇನೆ. ಊಟ ಮುಚ್ಚಿಟ್ಟಿದ್ದೇನೆ. ಬಿ.ಪಿ. ಮಾತ್ರೆ ಮರೆಯಬೇಡಿ. ನನ್ನ ಅಕ್ಕ ಬಂದರೆ ಒಳಗೆ ಕರೆಯಿರಿ, ಬಾಗಿಲಲ್ಲೇ ವಿಚಾರಣೆ ಬೇಡ.

ಹಸಿರು ಪೆನ್ನು ಹುಡುಕಬೇಡಿ, ನನ್ನ ಚೀಲದಲ್ಲಿದೆ. ಪಟ್ಟಿಯೂ ಅಲ್ಲೇ ಇದೆ. ಮಿಕ್ಕದ್ದೆಲ್ಲ ಪೆನ್ಸಿಲ್ಲಲ್ಲೇ ಇರಲಿ ಅಂತ ಬಿಟ್ಟೆ. ನಿಮ್ಮ ಹೆಸರು ಹೊಡೆದುಹಾಕಿ "ಅಕ್ಕ" ಅಂತ ಬರೆದದ್ದು ಮಾತ್ರ ನಿಮ್ಮ ಪೆನ್ನಿನಲ್ಲೇ.